‘ನಾಟ್ ಓಕೆ’ ಹಸಿರಾಗಿ ಬಂದಾಗ: ಒಂದು ಬ್ಯಾಕಪ್ ಪಟ್ಟಿಗೆ ಬಣ್ಣ ಹಾಕಿದ ಪ್ರಕರಣ

ನಾನು ಕೆಲಸ ಮಾಡುವುದು ಟಿಕೆಟ್ ಬುಕಿಂಗ್ ನಡೆಸುವ ಒಂದು ಸಣ್ಣ ಕಂಪನಿಯಲ್ಲಿ. ಅಲ್ಲಿ 34 ಸರ್ವರ್‌ಗಳಿವೆ. ದಿನಾ ರಾತ್ರಿ 2 ಗಂಟೆಗೆ, ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್ ಎಂಬ ಪ್ರೋಗ್ರಾಂ ಒಂದು ಬ್ಯಾಷ್ ಸ್ಕ್ರಿಪ್ಟನ್ನು (ಸಾಲಾಗಿ ಬರೆದಿಟ್ಟ ಕಮಾಂಡುಗಳ ಫೈಲ್) ಶುರು ಮಾಡುತ್ತದೆ. ಆ ಸ್ಕ್ರಿಪ್ಟ್ ಒಂದೊಂದೇ ಸರ್ವರ್‌ಗೆ ಹೋಗಿ, ಆರ್‌ಸಿಂಕ್ ಎಂಬ ನಕಲು ಮಾಡುವ ಕಮಾಂಡಿನ ಮೂಲಕ ಅಲ್ಲಿನ ಫೈಲ್‌ಗಳನ್ನು ಬ್ಯಾಕಪ್ ಡಿಸ್ಕಿಗೆ ತರುತ್ತದೆ. ಒಂದು ಸರ್ವರ್ ಮುಗಿದರೆ ಒಂದು ಸಾಲು: ಸರ್ವರ್ ಹೆಸರು, ಸಮಯ, ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ‘ಓಕೆ’ ಅಥವಾ ‘ನಾಟ್ ಓಕೆ’. ಈ ಪಟ್ಟಿ ಒಂದು ಫೈಲಿಗೂ ಹೋಗುತ್ತದೆ, ನಮಗೆಲ್ಲ ಮೇಲ್ ಆಗಿಯೂ ಬರುತ್ತದೆ. ಬೆಳಿಗ್ಗೆ ಆರೂವರೆ ಶಿಫ್ಟಿಗೆ ಬರುವ ಆಪರೇಟರ್ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ಆ ಫೈಲನ್ನು ಒಮ್ಮೆ ನೋಡುತ್ತಾರೆ.

ಒಂದು ಸೋಮವಾರ ಅಕೌಂಟ್ಸ್ ವಿಭಾಗದಿಂದ ಫೋನ್ ಬಂತು. ಲೆಕ್ಕದ ಫೈಲೊಂದು ಅಳಿಸಿಹೋಗಿದೆ, ನಿನ್ನೆಯ ಪ್ರತಿ ಕೊಡಿ ಅಂದರು. ಬ್ಯಾಕಪ್ ಡಿಸ್ಕಿನಲ್ಲಿ ನೋಡಿದರೆ ಅಲ್ಲಿದ್ದದ್ದು 9 ದಿನ ಹಳೆಯ ಪ್ರತಿ. ಆ ಸರ್ವರ್‌ನ ಐಪಿ ವಿಳಾಸ 9 ದಿನದ ಹಿಂದೆ ಬದಲಾಗಿತ್ತು. ಸ್ಕ್ರಿಪ್ಟ್ ಹಳೆಯ ವಿಳಾಸಕ್ಕೇ ಪಿಂಗ್ ಮಾಡಿ, ಅಂದರೆ ‘ಇದ್ದೀಯಾ’ ಎಂದು ಕೇಳಿ, ಉತ್ತರ ಸಿಗದೆ, ‘ನಾಟ್ ಓಕೆ’ ಎಂದು ಬರೆದು ಮುಂದಕ್ಕೆ ಹೋಗುತ್ತಿತ್ತು. ಒಂಬತ್ತು ದಿನವೂ ಹಾಗೇ ಬರೆದಿದೆ. ಯಾರ ಕಣ್ಣಿಗೂ ಬಿದ್ದಿಲ್ಲ. ಅಕೌಂಟ್ಸ್‌ನ ಮೂವರು ಎರಡು ದಿನ ಕೂತು ಬಿಲ್ಲುಗಳನ್ನು ನೋಡಿ ನೋಡಿ ಮತ್ತೆ ಎಂಟ್ರಿ ಮಾಡಿದರು. ಆ ಎರಡು ದಿನ ಅವರ ಮೇಜಿನ ಮುಂದೆ ಹಾದುಹೋಗುವುದಕ್ಕೇ ನನಗೆ ಕಷ್ಟವಾಗುತ್ತಿತ್ತು.

ಎಲ್ಲ ಸಾಲೂ ಒಂದೇ ಬಿಳಿ ಬಣ್ಣ, ಅದಕ್ಕೇ ಕಾಣಲಿಲ್ಲ. ಬಣ್ಣ ಹಾಕಿಬಿಟ್ಟರೆ ಸರಿಹೋಗುತ್ತದೆ ಎಂದುಕೊಂಡೆ. ಅರ್ಧ ಗಂಟೆಯ ಕೆಲಸ ಅಂತಲೇ ಶುರು ಮಾಡಿದೆ. ಮುಗಿಯುವಷ್ಟರಲ್ಲಿ ಮೂರು ವಾರ ಆಯಿತು.

ಮೊದಲ ಪ್ರಯತ್ನ

ಟರ್ಮಿನಲ್‌ಗೆ ಬಣ್ಣ ಹೇಳುವ ವಿಧಾನ ಹಳೆಯದು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ತಂದ ವಿಟಿ100 ಎಂಬ ಟರ್ಮಿನಲ್ ಈ ಬಗೆಯ ಸೂಚನೆಗಳನ್ನು ಎಲ್ಲೆಡೆ ಹರಡಿತು. ಅದರಲ್ಲಿ ಬಣ್ಣ ಇರಲಿಲ್ಲ, ಅದು ಆಮೇಲೆ ಬಂತು. ಆದರೆ ವ್ಯಾಕರಣ ಇವತ್ತಿಗೂ ಅದೇ. ಮೊದಲು ಎಸ್ಕೇಪ್ ಎಂಬ ಕಾಣದ ಅಕ್ಷರ, ಅದರ ಸಂಖ್ಯೆ 27. ಆಮೇಲೆ ಎಡ ಚೌಕ ಬ್ರಾಕೆಟ್. ಆಮೇಲೆ ಒಂದು ಸಂಖ್ಯೆ. ಕೊನೆಗೆ ಸಣ್ಣ ‘ಎಂ’ ಅಕ್ಷರ. 31 ಅಂದರೆ ಕೆಂಪು, 32 ಹಸಿರು, 33 ಹಳದಿ, 0 ಅಂದರೆ ಎಲ್ಲ ಬಿಟ್ಟು ಮೊದಲಿನ ಹಾಗೆ. ಈ ಸಂಖ್ಯೆಗಳ ಹಿಂದೆ ಚಂದದ ಲೆಕ್ಕವೂ ಇದೆ. ಕೆಂಪಿಗೆ 1, ಹಸಿರಿಗೆ 2, ನೀಲಿಗೆ 4. ಬೆಳಕಿನಲ್ಲಿ ಕೆಂಪು ಹಸಿರು ಸೇರಿದರೆ ಹಳದಿ ಅಲ್ವಾ, ಅದಕ್ಕೇ ಹಳದಿ 3. ನೀಲಿ 34, ಮೂರೂ ಸೇರಿದ ಬಿಳಿ 37.

ನಾನು ಮಾಡಿದ್ದು ಇಷ್ಟೇ. ಸ್ಕ್ರಿಪ್ಟಿನ ಕೊನೆಯಲ್ಲಿ ಪದ ಹುಡುಕಿ ಬದಲಿಸುವ ಸೆಡ್ ಎಂಬ ಕಮಾಂಡ್ ಸೇರಿಸಿದೆ. ‘ಓಕೆ’ ಎಂಬ ಪದ ಎಲ್ಲಿ ಸಿಕ್ಕರೂ ಅದಕ್ಕೆ ಹಸಿರು ಸುತ್ತು, ‘ಎರರ್’ ಎಂಬ ಪದ ಸಿಕ್ಕರೆ ಕೆಂಪು. ಮಾರನೆಯ ಬೆಳಿಗ್ಗೆ ಪಟ್ಟಿ ತುಂಬಾ ಹಸಿರು. ನೋಡಿ ಖುಷಿಯಾಯಿತು.

ಮೂರನೇ ದಿನ ಒಂದು ಸರ್ವರ್ ನಿಜವಾಗಿಯೂ ಕೈಕೊಟ್ಟಿತು. ಆ ಸಾಲಿನಲ್ಲಿ ‘ನಾಟ್’ ಬಿಳಿ, ‘ಓಕೆ’ ಹಸಿರು. ಸೆಡ್‌ಗೆ ಗೊತ್ತಿದ್ದದ್ದು ಎರಡು ಅಕ್ಷರ ಮಾತ್ರ. ಅದರ ಹಿಂದಿನ ‘ನಾಟ್’ ಅದಕ್ಕೆ ಬೇಕಿರಲಿಲ್ಲ. ಬಣ್ಣ ಇಲ್ಲದಾಗ ಆ ಸಾಲು ಸುಮ್ನೆ ಬಿಳಿಯಾಗಿ ಇರುತ್ತಿತ್ತು, ಓದಿದವರಿಗೆ ನಿಜ ಹೇಳುತ್ತಿತ್ತು. ನಾನು ಬಣ್ಣ ಹಾಕಿ ಅದರ ಬಾಯಲ್ಲಿ ಸುಳ್ಳು ಹೇಳಿಸಿದ್ದೆ.

ಅದನ್ನು ಸರಿಮಾಡಲು ‘ನಾಟ್ ಓಕೆ’ಯನ್ನು ಮೊದಲು ಹುಡುಕಿ ಕೆಂಪು ಮಾಡಿದೆ, ಉಳಿದ ‘ಓಕೆ’ಗಳಿಗೆ ಹಸಿರು. ಆಗ ಇನ್ನೊಂದು ಕಾಟ ಬಂತು. ನಮ್ಮ ಒಂದು ಸರ್ವರ್ ಹೆಸರೇ ‘ಬುಕಿಂಗ್’. ಇಂಗ್ಲಿಷಿನಲ್ಲಿ ಬರೆದು ನೋಡಿ: ಆ ಪದದ ಒಳಗೇ ಓ, ಕೆ ಒಟ್ಟಿಗೆ ಕೂತಿವೆ. ದೊಡ್ಡ ಅಕ್ಷರ ಸಣ್ಣ ಅಕ್ಷರ ಎಂಬ ಭೇದ ಬೇಡ ಎಂದು ನಾನು ಸೆಡ್‌ಗೆ ಹೇಳಿದ್ದೆ. ಹಾಗಾಗಿ ಆ ಸರ್ವರ್‌ನ ಹೆಸರಿನ ನಡುವೆ ದಿನಾ ಎರಡು ಹಸಿರು ಅಕ್ಷರ, ಬ್ಯಾಕಪ್ ಆದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಇದಕ್ಕೂ ಒಂದು ತೇಪೆ ಹಾಕಬಹುದಿತ್ತು. ಆದರೆ ಅಷ್ಟರಲ್ಲಿ ನನಗೆ ಅರ್ಥವಾಗಿತ್ತು. ಮನುಷ್ಯರು ಓದಲಿ ಎಂದು ಬರೆದ ಸಾಲನ್ನು ಮತ್ತೆ ಯಂತ್ರದಿಂದ ಓದಿಸಿ, ಅದರ ಅರ್ಥ ಊಹಿಸಿ ಬಣ್ಣ ಹಾಕುವುದು ತಪ್ಪು ದಾರಿ. ಸ್ಕ್ರಿಪ್ಟಿಗೆ ಸ್ಥಿತಿ ಏನೆಂದು ಮೊದಲೇ ಗೊತ್ತಿರುತ್ತದೆ. ಅದನ್ನು ಪದವಾಗಿ ಬರೆದು, ಬರೆದ ಪದದಿಂದ ಸ್ಥಿತಿಯನ್ನು ಮತ್ತೆ ಹುಡುಕುವುದು ಯಾಕೆ?

ಮೇಲ್‌ನಲ್ಲಿ ಕಸ

ಇದರ ನಡುವೆ ಮೇಲ್ ನೋಡುವವರು ದೂರು ಹೇಳಲು ಶುರು ಮಾಡಿದ್ದರು. ಮೇಲ್‌ನಲ್ಲಿ ಎಸ್ಕೇಪ್ ಅಕ್ಷರ ಕಾಣುವುದಿಲ್ಲ, ಅದರ ನಂತರದ ಬ್ರಾಕೆಟ್, 32, ಎಂ ಮಾತ್ರ ಉಳಿಯುತ್ತವೆ. ಪ್ರತಿ ಸಾಲಿನಲ್ಲೂ ಈ ಕಸ. ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಒಂದಿದೆ. ಔಟ್‌ಪುಟ್ ಹೋಗುತ್ತಿರುವುದು ಟರ್ಮಿನಲ್‌ಗೋ ಬೇರೆಲ್ಲಿಗೋ ಎಂದು ಸ್ಕ್ರಿಪ್ಟೇ ಕೇಳಿ ತಿಳಿಯಬಹುದು. ಬ್ಯಾಷ್‌ನಲ್ಲಿ ಟೆಸ್ಟ್ ಕಮಾಂಡಿಗೆ ಮೈನಸ್ ಟಿ, ಅದರ ಜೊತೆ 1 ಕೊಟ್ಟರೆ ಉತ್ತರ ಸಿಗುತ್ತದೆ. ಪದ ಹುಡುಕುವ ಗ್ರೆಪ್, ಫೈಲ್‌ಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡುಗಳಲ್ಲಿ ಕಲರ್ ಆಯ್ಕೆಗೆ ‘ಆಟೋ’ ಎಂದು ಕೊಟ್ಟಾಗ ನಡೆಯುವುದೂ ಇದೇ ಪರೀಕ್ಷೆ.

ಸೇರಿಸಿದೆ. ಮೇಲ್ ಸ್ವಚ್ಛವಾಯಿತು. ಆದರೆ ಬೆಳಿಗ್ಗೆ ಆಪರೇಟರ್ ನೋಡುವ ಪಟ್ಟಿಯಲ್ಲೂ ಬಣ್ಣ ಹೋಯಿತು. ಯಾಕೆಂದರೆ ಸ್ಕ್ರಿಪ್ಟ್ ಓಡುವುದು ರಾತ್ರಿ 2ಕ್ಕೆ, ಕ್ರಾನ್ ಕೈಯಲ್ಲಿ. ಆಗ ಎದುರಿಗೆ ಟರ್ಮಿನಲ್ಲೇ ಇಲ್ಲ. ಬೆಳಿಗ್ಗೆ ಟರ್ಮಿನಲ್‌ಗೆ ಬರುವುದು ನಾಲ್ಕೂವರೆ ಗಂಟೆ ಹಿಂದೆ ಬರೆದಿಟ್ಟ ಫೈಲ್.

ಈ ಪ್ರಕರಣ ತಿರುಗಿದ್ದು ಇಲ್ಲಿಂದ. ಬ್ಯಾಕಪ್ ಮಾಡುವ ಹೊತ್ತು ಬೇರೆ, ಪಟ್ಟಿ ನೋಡುವ ಹೊತ್ತು ಬೇರೆ. ಆದ್ದರಿಂದ ಸ್ಕ್ರಿಪ್ಟನ್ನು ಎರಡು ಮಾಡಿದೆ. ರಾತ್ರಿಯದು ಬ್ಯಾಕಪ್ ಮಾಡಿ, ಒಂದು ಸರಳ ಫೈಲಿನಲ್ಲಿ ಸಾಲಿಗೊಂದು ಸರ್ವರ್‌ನಂತೆ ಹೆಸರು, ಆರ್‌ಸಿಂಕ್ ಕೊಟ್ಟ ಸಂಖ್ಯೆ, ಮುಗಿದ ಸಮಯ, ಬ್ಯಾಕಪ್‌ನಲ್ಲಿರುವ ಅತಿ ಹೊಸ ಫೈಲಿನ ದಿನಾಂಕ ಬರೆಯುತ್ತದೆ. ನಡುವೆ ಟ್ಯಾಬ್. ಪದವಿಲ್ಲ, ಬಣ್ಣವಿಲ್ಲ. ಎರಡನೆಯದು ಬರೀ ತೋರಿಸುವ ಸ್ಕ್ರಿಪ್ಟ್. ಅದು ಆ ಫೈಲನ್ನು ಓದಿ, ಸ್ಥಿತಿ ನಿರ್ಧರಿಸಿ, ಎದುರಿಗೆ ಟರ್ಮಿನಲ್ ಇದ್ದರೆ ಬಣ್ಣ ಹಾಕುತ್ತದೆ. ಮೇಲ್ ಕಳಿಸುವುದೂ ಇದೇ ಸ್ಕ್ರಿಪ್ಟ್. ಅಲ್ಲಿ ಟರ್ಮಿನಲ್ ಇಲ್ಲದ್ದರಿಂದ ಬಣ್ಣ ತಾನಾಗಿ ಬಿಟ್ಟುಹೋಗುತ್ತದೆ.

ಸುಳ್ಳು ಸೊನ್ನೆ

ಹೊಸ ಸ್ಕ್ರಿಪ್ಟನ್ನು ಪರೀಕ್ಷಿಸಲು ಬೇಕೆಂದೇ ಒಂದು ಟೆಸ್ಟ್ ಸರ್ವರ್‌ನ ಎಸ್‌ಎಸ್‌ಎಚ್ ಕೀ ತೆಗೆದುಹಾಕಿದೆ. ಪಿಂಗ್‌ಗೆ ಅದು ಉತ್ತರ ಕೊಡುತ್ತದೆ, ಒಳಗೆ ಹೋಗಲು ಮಾತ್ರ ಆಗುವುದಿಲ್ಲ. ಕೆಂಪು ಬರಬೇಕು. ಬಂದದ್ದು ಹಸಿರು.

ಅರ್ಧ ದಿನ ಬಣ್ಣದ ಕಡೆಯೇ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲೇ ಇಲ್ಲ. ಹಳೆಯ ಸ್ಕ್ರಿಪ್ಟಿನಿಂದ ಹಾಗೇ ತಂದಿದ್ದ ಒಂದು ಸಾಲಿನಲ್ಲಿತ್ತು. ಆರ್‌ಸಿಂಕ್ ಹೇಳಿದ್ದನ್ನೆಲ್ಲ ಲಾಗ್ ಫೈಲಿಗೂ ಪರದೆಗೂ ಕಳಿಸಲು, ಅದರ ಔಟ್‌ಪುಟ್ಟನ್ನು ಪೈಪ್ (ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವ ಕೊಂಡಿ) ಮೂಲಕ ಟೀ ಕಮಾಂಡಿಗೆ ಕೊಟ್ಟಿದ್ದರು. ಪ್ರತಿ ಕಮಾಂಡ್ ಮುಗಿದಾಗ ಒಂದು ಎಕ್ಸಿಟ್ ಕೋಡ್ ಬಿಟ್ಟುಹೋಗುತ್ತದೆ. ಸೊನ್ನೆ ಅಂದರೆ ಕೆಲಸ ಆಯಿತು, ಬೇರೆ ಏನೇ ಇದ್ದರೂ ಆಗಲಿಲ್ಲ. ಆದರೆ ಪೈಪ್ ಇದ್ದಾಗ ಬ್ಯಾಷ್ ತೋರಿಸುವುದು ಕೊನೆಯ ಕಮಾಂಡಿನ ಕೋಡ್. ಆರ್‌ಸಿಂಕ್ 255 ಎಂದು ಕೂಗಿದರೂ, ಟೀ ತನ್ನ ಕೆಲಸ ಚೆನ್ನಾಗಿಯೇ ಮಾಡಿದೆ. ಅದರ ಸೊನ್ನೆಯೇ ನಮಗೆ ಸಿಗುತ್ತಿತ್ತು. ಅಂದರೆ ಪಿಂಗ್ ದಾಟಿದ ಸರ್ವರ್‌ಗಳಿಗೆ ‘ಓಕೆ’ ಬಿಟ್ಟು ಬೇರೆ ಉತ್ತರ ಬರಲು ಸಾಧ್ಯವೇ ಇರಲಿಲ್ಲ. ನಾವು ದಿನಾ ನೋಡುತ್ತಿದ್ದದ್ದು ಟೀ ಕಮಾಂಡಿನ ಆರೋಗ್ಯ.

ಹಳೆಯ ಲಾಗ್‌ಗಳನ್ನು ತೆರೆದು ನೋಡಿದೆ. ಎರಡು ಸರ್ವರ್‌ಗಳ ಲಾಗ್ ಕೊನೆಯಲ್ಲಿ ಆರ್‌ಸಿಂಕ್ ಕೋಡ್ 23 ಎಂದು ಬರೆದಿಟ್ಟಿತ್ತು, ವಾರಗಟ್ಟಲೆ. ಬಣ್ಣದ ನೆಪದಲ್ಲಿ ಇದು ಸಿಕ್ಕಿತಲ್ಲ ಎಂಬ ಸಮಾಧಾನ ಒಂದು ಕಡೆ. ಇಷ್ಟು ದಿನ ಏನೂ ಆಗದೆ ಉಳಿದೆವಲ್ಲ ಎಂಬ ಭಯ ಇನ್ನೊಂದು ಕಡೆ.

ಬ್ಯಾಷ್‌ನಲ್ಲಿ ಇದಕ್ಕೆ ಪೈಪ್‌ಫೇಲ್ ಎಂಬ ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಪೈಪಿನ ಯಾವ ಕಮಾಂಡ್ ಸೋತರೂ ಆ ಸೋಲು ಹೊರಗೆ ಬರುತ್ತದೆ. ಪೈಪ್‌ಸ್ಟೇಟಸ್ ಎಂಬ ವೇರಿಯಬಲ್‌ನಲ್ಲಿ ಪ್ರತಿ ಕಮಾಂಡಿನ ಕೋಡ್ ಕೂಡ ಸಿಗುತ್ತದೆ. ನಾನು ಪೈಪನ್ನೇ ತೆಗೆದೆ. ರಾತ್ರಿ 2ಕ್ಕೆ ಪರದೆ ನೋಡುವವರು ಯಾರೂ ಇಲ್ಲ. ಔಟ್‌ಪುಟ್ ನೇರವಾಗಿ ಲಾಗ್ ಫೈಲಿಗೆ, ಮರುಸಾಲಿನಲ್ಲೇ ಕೋಡನ್ನು ಒಂದು ವೇರಿಯಬಲ್‌ಗೆ. ಮರುಸಾಲಿನಲ್ಲೇ ಎಂಬುದು ಮುಖ್ಯ. ನಡುವೆ ಪಠ್ಯ ತೋರಿಸುವ ಎಕೋ ಕಮಾಂಡ್ ಒಂದು ಬಂದರೂ ಸಾಕು, ಕೈಗೆ ಸಿಗುವುದು ಎಕೋದ ಸೊನ್ನೆ.

ಆಮೇಲೆ ಯಾವ ಕೋಡಿಗೆ ಯಾವ ಸ್ಥಿತಿ ಎಂದು ಕೂತು ಮಾತಾಡಿದೆವು. 0 ಸರಿ. 24 ಅಂದರೆ ನಕಲು ಶುರುವಾದ ಮೇಲೆ ಕೆಲವು ಫೈಲ್‌ಗಳು ಮಾಯವಾಗಿವೆ. ಓಡುತ್ತಿರುವ ಸರ್ವರ್‌ನಲ್ಲಿ ತಾತ್ಕಾಲಿಕ ಫೈಲ್‌ಗಳು ಹುಟ್ಟಿ ಸಾಯುತ್ತಲೇ ಇರುತ್ತವೆ, ಆದ್ದರಿಂದ ಅದು ಹಳದಿ. 23ರ ಬಗ್ಗೆ ಜಾಸ್ತಿ ಚರ್ಚೆಯಾಯಿತು. ಕೆಲವು ಫೈಲ್‌ಗಳು ದೋಷದಿಂದ ಬರಲಿಲ್ಲ ಎಂದು ಅದರ ಅರ್ಥ. ಉಳಿದವೆಲ್ಲ ಬಂದಿವೆಯಲ್ಲ, ಹಳದಿ ಸಾಕು ಎಂದು ಒಬ್ಬರು ವಾದಿಸಿದರು. ಬಾರದ ಆ ಒಂದು ಫೈಲ್ ಯಾವುದೆಂದು ಬೆಳಿಗ್ಗೆ ಆರೂವರೆಗೆ ಯಾರಿಗೂ ಗೊತ್ತಿರುವುದಿಲ್ಲ, ಅದು ಅಕೌಂಟ್ಸ್‌ನವರ ಫೈಲೇ ಆಗಿರಬಹುದು ಎಂದು ನಾನು ಹೇಳಿದೆ. 23 ಕೆಂಪಾಯಿತು. ಉಳಿದ ಎಲ್ಲ ಸಂಖ್ಯೆಗಳೂ ಕೆಂಪು. ಕೋಡ್ 0 ಆದರೂ ಅತಿ ಹೊಸ ಫೈಲ್ ಎರಡು ದಿನಕ್ಕಿಂತ ಹಳೆಯದಾಗಿದ್ದರೆ ಹಳದಿ.

ನಾಲ್ಕನೆಯ ಸ್ಥಿತಿಯೊಂದು ಬೇಕೇ ಬೇಕು ಎಂದು ನಾನು ಹಟ ಹಿಡಿದೆ: ತಿಳಿಯದು. ನಾಗಿಯೋಸ್ ಎಂಬ ನಿಗಾ ತಂತ್ರಾಂಶದ ಪ್ಲಗಿನ್‌ಗಳು ಈ ನಾಲ್ಕೂ ಇಟ್ಟುಕೊಂಡಿವೆ. ಅಲ್ಲಿ 0 ಸರಿ, 1 ಎಚ್ಚರಿಕೆ, 2 ಗಂಭೀರ, 3 ತಿಳಿಯದು. ನಮ್ಮ ಹಳೆಯ ಸ್ಕ್ರಿಪ್ಟ್ 20ನೇ ಸರ್ವರ್ ಆದ ಮೇಲೆ ನಿಂತುಹೋದರೆ ಉಳಿದ 14 ಸಾಲು ಬರುತ್ತಲೇ ಇರಲಿಲ್ಲ. ಇಲ್ಲದ ಸಾಲಿಗೆ ಬಣ್ಣ ಹಾಕುವುದು ಹೇಗೆ? ಈಗ ಸ್ಕ್ರಿಪ್ಟ್ ಕೆಲಸ ಶುರು ಮಾಡುವ ಮುಂಚೆಯೇ 34 ಹೆಸರನ್ನೂ ಬರೆದು, ಕೋಡ್ ಜಾಗದಲ್ಲಿ ಒಂದು ಗೆರೆ ಎಳೆದಿಡುತ್ತದೆ. ಸರ್ವರ್ ಮುಗಿದ ಹಾಗೆ ಗೆರೆ ಹೋಗಿ ಸಂಖ್ಯೆ ಬರುತ್ತದೆ. ಬೆಳಿಗ್ಗೆಯೂ ಗೆರೆ ಉಳಿದಿದ್ದರೆ ಅದು ತಿಳಿಯದು.

ಆಪರೇಟರ್ ಹೇಳಿದ ಮಾತು

ಬೆಳಿಗ್ಗೆ ಶಿಫ್ಟಿನ ಆಪರೇಟರ್ ನನಗಿಂತ ಹದಿನೈದು ವರ್ಷ ದೊಡ್ಡವರು. ಎರಡನೇ ವಾರದ ಕೊನೆಯಲ್ಲಿ, ಹೊಸ ಪಟ್ಟಿ ಹೇಗಿದೆ ಸರ್ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಬೇಜಾರ್ ಮಾಡ್ಕೋಬೇಡಿ. ನಂಗೆ ಮೊದಲಿಗಿಂತ ಕಷ್ಟ ಆಗ್ತಿದೆ. ಕೆಲವು ಸಾಲು ಮಂಕಾಗಿ ಕಾಣ್ತವೆ, ಕಣ್ಣು ಹಾರಿಸ್ಕೊಂಡು ಹೋಗ್ಬಿಡುತ್ತೆ.”

ಯಾವ ಸಾಲು ಎಂದು ತೋರಿಸಲು ಹೇಳಿದೆ. ಅವರು ಬೆರಳಿಟ್ಟದ್ದು ಕೆಂಪು ಸಾಲಿನ ಮೇಲೆ. ಅವರಿಗೆ ಕೆಂಪು ಹಸಿರಿನ ಭೇದ ಸರಿಯಾಗಿ ತಿಳಿಯುವುದಿಲ್ಲ, ಚಿಕ್ಕಂದಿನಿಂದಲೂ ಹಾಗೇ. ಯಾರಿಗೂ ಹೇಳುವ ಸಂದರ್ಭ ಬಂದಿರಲಿಲ್ಲ. ಇದು ಅಪರೂಪವೇನಲ್ಲ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ರಲ್ಲಿ ಒಬ್ಬರಿಗೆ ಕೆಂಪು-ಹಸಿರಿನ ತೊಂದರೆ ಇರುತ್ತದೆ. ಇದರ ಜೀನ್‌ಗಳು ಎಕ್ಸ್ ಕ್ರೋಮೋಸೋಮಿನ ಮೇಲಿರುವುದರಿಂದ ಹೆಂಗಸರಲ್ಲಿ ತುಂಬಾ ಕಡಿಮೆ. ಇದರ ಒಂದು ಬಗೆಯಲ್ಲಿ ಕೆಂಪು ಬೆಳಕು ಕಣ್ಣಿಗೆ ಕಪ್ಪಗೆ, ಮಬ್ಬಾಗಿ ಕಾಣುತ್ತದೆ. ಕಪ್ಪು ಪರದೆಯ ಮೇಲೆ ಕಡು ಕೆಂಪು ಅಕ್ಷರ ಅವರ ಪಾಲಿಗೆ ಅಡಗಿಕೊಂಡಂತೆ. ಎಲ್ಲರಿಗಿಂತ ಮೊದಲು ಯಾರು ನೋಡಬೇಕೋ ಅವರಿಂದಲೇ, ಯಾವುದು ಮೊದಲು ಕಾಣಬೇಕೋ ಅದನ್ನೇ ನಾನು ಮುಚ್ಚಿಟ್ಟಿದ್ದೆ.

ಆ ಬೆಳಿಗ್ಗೆ ಅವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಅವರು ಹೇಗೆ ನೋಡುತ್ತಾರೆ ಎಂದು ಗಮನಿಸಿದೆ. ಕಮಾಂಡ್ ಹೊಡೆಯುತ್ತಾರೆ, ಸಾಲುಗಳು ಸರ್ರನೆ ಓಡುತ್ತವೆ, ಕಣ್ಣು ಕೆಳಗೆ ಕರ್ಸರ್ ಹತ್ತಿರ ನಿಲ್ಲುತ್ತದೆ. ಅವರ ಟರ್ಮಿನಲ್ ಕಿಟಕಿಯಲ್ಲಿ 24 ಸಾಲು. ವಿಟಿ100 ಕಾಲದಿಂದ ಬಂದ ಅಳತೆ ಅದು, ಇಂದಿಗೂ ಎಷ್ಟೋ ಟರ್ಮಿನಲ್‌ಗಳು ತೆರೆದುಕೊಳ್ಳುವುದು ಅದೇ ಅಳತೆಗೆ. ನಮ್ಮ ಪಟ್ಟಿ 34 ಸಾಲು. ಕೊನೆಯ ಸಾಲಿನಲ್ಲಿ ಪ್ರಾಂಪ್ಟ್ (ಮುಂದಿನ ಕಮಾಂಡಿಗೆ ಕಾಯುವ ಗುರುತು) ಕೂತರೆ ಪಟ್ಟಿಗೆ ಉಳಿಯುವುದು 23. ಮೊದಲ 11 ಸಾಲು ಮೇಲಕ್ಕೆ ಹೋಗಿಬಿಟ್ಟಿರುತ್ತವೆ. ಪಟ್ಟಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿದೆ. ಅಕೌಂಟ್ಸ್ ಸರ್ವರ್ ಮೊದಲನೇ ಸಾಲು.

ಅಂದರೆ ಆ ಒಂಬತ್ತು ದಿನ ಆ ಸಾಲು ಪರದೆಯ ಮೇಲೆ ಇರಲೇ ಇಲ್ಲ. ಎಂಥ ಕೆಂಪು ಬಳಿದಿದ್ದರೂ ಅದು ಕಾಣುತ್ತಿರಲಿಲ್ಲ. ಎರಡು ವಾರ ಬಣ್ಣದ ಹಿಂದೆ ಓಡಿದ ಮೇಲೆ ಇದು ತಿಳಿಯಿತು.

ಅವತ್ತೇ ಕ್ರಮ ಬದಲಿಸಿದೆವು. ಸರಿ ಇರುವವು ಮೊದಲು, ಆಮೇಲೆ ಹಳದಿ, ಆಮೇಲೆ ತಿಳಿಯದು, ಎಲ್ಲಕ್ಕಿಂತ ಕೆಳಗೆ ವಿಫಲವಾದವು. ಕಣ್ಣು ನಿಲ್ಲುವ ಜಾಗದಲ್ಲೇ ಕೆಟ್ಟ ಸುದ್ದಿ. ಹಸಿರನ್ನು ಪೂರ್ತಿ ತೆಗೆದೆ. ಸಾಮಾನ್ಯ ದಿನ 34ರಲ್ಲಿ 34 ಸಾಲೂ ಸರಿಯೇ ಇರುವಾಗ ಅಷ್ಟು ಹಸಿರು ಯಾರಿಗೆ ಬೇಕು? ಅವು ಬಿಳಿಯಾಗಿಯೇ ಇರಲಿ. ವಿಫಲಕ್ಕೆ ಕೆಂಪಿನ ಜೊತೆ ರಿವರ್ಸ್ ಸೇರಿಸಿದೆ, ಅದರ ಸಂಖ್ಯೆ 7. ಅಕ್ಷರ ಮತ್ತು ಹಿನ್ನೆಲೆ ಅದಲುಬದಲಾಗಿ ಪೂರ್ತಿ ಸಾಲು ಒಂದು ಪಟ್ಟೆಯಂತೆ ಕಾಣುತ್ತದೆ. ಅದನ್ನು ನೋಡಲು ಬಣ್ಣ ಗುರುತಿಸುವುದು ಬೇಕಿಲ್ಲ. ಆಪರೇಟರ್ ನೋಡಿ, “ಹಾಂ, ಇದು ಕಾಣುತ್ತೆ” ಅಂದರು. ಜೊತೆಗೆ, ಪದಗಳನ್ನು ಕನ್ನಡದಲ್ಲಿ ಹಾಕಲು ಆಗುತ್ತದಾ ಎಂದೂ ಕೇಳಿದರು.

ಕನ್ನಡ ಪದ, ಕೆಟ್ಟ ಕಾಲಂ

ಆಸೆಯಿಂದ ಹಾಕಿದೆ. ಮೊದಲು ಸ್ಥಿತಿಯ ಕಾಲಂ ನಡುವೆ ಇತ್ತು, ಸಾಲನ್ನು ಕಾಲಂಗಳಲ್ಲಿ ಜೋಡಿಸಿ ಬರೆಯುವ ಬ್ಯಾಷ್‌ನ ಪ್ರಿಂಟ್‌ಎಫ್ ಕಮಾಂಡಿಗೆ 10 ಅಗಲ ಕೊಟ್ಟಿದ್ದೆ. ಕನ್ನಡ ಪದ ಬಂದದ್ದೇ ಸಾಲುಗಳು ಹಾವಿನ ಹಾಗೆ ಡೊಂಕಾದವು. ನಮ್ಮ ಪ್ರಿಂಟ್‌ಎಫ್ ಅಗಲವನ್ನು ಬೈಟ್‌ಗಳಲ್ಲಿ ಎಣಿಸುತ್ತಿತ್ತು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಗುಣಿತ ಚಿಹ್ನೆಗೂ 3 ಬೈಟ್. ‘ಸರಿ’ ನಮ್ಮ ಕಣ್ಣಿಗೆ ಎರಡು ಅಕ್ಷರ, ಪ್ರಿಂಟ್‌ಎಫ್‌ಗೆ 9. ಅದಕ್ಕೆ ಒಂದೇ ಖಾಲಿ ಜಾಗ ಸಿಕ್ಕಿತು. ‘ವಿಫಲ’ 12 ಬೈಟ್, ಅದಕ್ಕೆ ಖಾಲಿ ಜಾಗವೇ ಇಲ್ಲ. ಬಣ್ಣದ ಸೂಚನೆಗಳದ್ದೂ ಇದೇ ಕಥೆ. ಕೆಂಪು ಹಚ್ಚಲು 5 ಬೈಟ್, ಬಿಡಿಸಲು 4. ಕಣ್ಣಿಗೆ ಕಾಣದ ಈ 9 ಬೈಟ್‌ಗಳೂ ಲೆಕ್ಕಕ್ಕೆ ಸೇರುತ್ತವೆ.

ಅಗಲ ಎಣಿಸುವ ಫಂಕ್ಷನ್ ಬರೆಯಲು ಹೊರಟು, ಅರ್ಧಕ್ಕೆ ಬಿಟ್ಟೆ. ಸ್ಥಿತಿಯ ಪದವನ್ನು ಸಾಲಿನ ಕೊನೆಗೆ ಹಾಕಿದರೆ ಮುಗಿಯಿತು. ಅದರ ಮುಂದೆ ಇನ್ನೇನೂ ಇಲ್ಲ, ಡೊಂಕಾಗಲು ಏನೂ ಉಳಿಯುವುದಿಲ್ಲ. ಹೆಸರು, ಕೋಡ್, ಸಮಯ, ದಿನಾಂಕ ಎಲ್ಲ ಇಂಗ್ಲಿಷ್ ಅಕ್ಷರ ಮತ್ತು ಅಂಕಿ, ಅವು ನೇರವಾಗಿ ನಿಲ್ಲುತ್ತವೆ. ಬಣ್ಣದ ಸೂಚನೆಯನ್ನು ಕಾಲಂ ಒಳಗೆ ತುರುಕದೆ, ಪೂರ್ತಿ ಸಾಲು ಸಿದ್ಧವಾದ ಮೇಲೆ ಅದರ ಮುಂದೆ ಹಿಂದೆ ಸೇರಿಸಿದೆ.

ಪದ ಆರಿಸುವಾಗ ಇನ್ನೊಂದು ತೊಡಕು. ಟರ್ಮಿನಲ್ ಅಕ್ಷರಗಳನ್ನು ಸಮ ಅಗಲದ ಚೌಕಗಳಲ್ಲಿ ಕೂರಿಸುತ್ತದೆ. ನಮ್ಮ ಒತ್ತಕ್ಷರಗಳಿಗೆ ಅದು ಹೊಂದುವುದಿಲ್ಲ. ಮೊದಲು ಹಾಕಿದ್ದ ‘ಎಚ್ಚರ’ ಎಂಬ ಪದ ಅವರ ಟರ್ಮಿನಲ್‌ನಲ್ಲಿ ಒಡೆದು, ‘ಚ್’ ಬೇರೆ ‘ಚ’ ಬೇರೆಯಾಗಿ ಬಂತು. ಒತ್ತಕ್ಷರವೇ ಇಲ್ಲದ ಪದ ಹುಡುಕಿದೆವು: ಸರಿ, ಗಮನಿಸಿ, ತಿಳಿಯದು, ವಿಫಲ. ನಾಲ್ಕೂ ಚೆನ್ನಾಗಿ ಕೂತವು. ಕನ್ನಡದಲ್ಲಿ ಟರ್ಮಿನಲ್ ಔಟ್‌ಪುಟ್ ಬರೆಯುವವರು ಈ ಉಪಾಯ ಮಾಡಿ ನೋಡಬಹುದು.

ಉಳಿದ ಸಣ್ಣಪುಟ್ಟದ್ದು ಬೇಗ ಮುಗಿಯಿತು. 31, 33 ಎಂಬ ಸಂಖ್ಯೆಗಳನ್ನು ನೇರವಾಗಿ ಬರೆಯದೆ ಟಿಪುಟ್ ಕಮಾಂಡಿನಿಂದ ಪಡೆದೆ. ಎದುರಿಗಿರುವ ಟರ್ಮಿನಲ್‌ಗೆ ಯಾವ ಸೂಚನೆ ಹೊಂದುತ್ತದೆಂದು ಅದಕ್ಕೆ ಗೊತ್ತು. ಪ್ರತಿ ಸಾಲಿನ ಕೊನೆಯಲ್ಲೂ ಬಣ್ಣ ಬಿಡಿಸುವ ಸೂಚನೆ ತಪ್ಪದೆ ಹಾಕಿದೆ. ಅದು ಮರೆತರೆ ಪ್ರಾಂಪ್ಟೂ ಕೆಂಪಾಗಿ ಉಳಿದುಬಿಡುತ್ತದೆ. ‘ನೋ ಕಲರ್’ ಎಂಬ ವೇರಿಯಬಲ್‌ನಲ್ಲಿ ಏನಾದರೂ ಇದ್ದರೆ ಬಣ್ಣ ಬೇಡ ಎಂಬ ಪದ್ಧತಿ 2017ರಿಂದ ಹರಡಿದೆ, ಅದನ್ನೂ ಪಾಲಿಸಿದೆ. ಬಿಳಿ ಹಿನ್ನೆಲೆ ಇಟ್ಟುಕೊಂಡಿರುವ ಒಬ್ಬರಿಗೆ ಹಳದಿ ಓದಲು ಆಗುತ್ತಿರಲಿಲ್ಲ, ಅವರು ಇದನ್ನೇ ಬಳಸುತ್ತಾರೆ. ಕೊನೆಗೆ 0, 24, 23, 255 ಮತ್ತು ಬರೀ ಗೆರೆ ಇರುವ ಒಂದು ಸುಳ್ಳು ಫೈಲ್ ಮಾಡಿ, ತೋರಿಸುವ ಸ್ಕ್ರಿಪ್ಟಿಗೆ ಕೊಟ್ಟು ಒಂದೊಂದೂ ಸರಿಯಾಗಿ ಬರುತ್ತದೆಯೇ ಎಂದು ಆಪರೇಟರ್ ಜೊತೆಯಲ್ಲೇ ನೋಡಿದೆ. ಆ ಸುಳ್ಳು ಫೈಲನ್ನು ಇಟ್ಟುಕೊಂಡಿದ್ದೇವೆ. ಸ್ಕ್ರಿಪ್ಟ್ ಮುಟ್ಟಿದಾಗಲೆಲ್ಲ ಮೊದಲು ಅದನ್ನು ಓಡಿಸುತ್ತೇವೆ.

ಎಲ್ಲ ಮುಗಿದು ಹತ್ತು ದಿನ ಆಗಿರಬೇಕು. ಬೆಳಿಗ್ಗೆ 6:40ಕ್ಕೆ ಅವರ ಫೋನ್ ಬಂತು. ನಾನಿನ್ನೂ ಕಾಫಿ ಕುಡಿಯುತ್ತಿದ್ದೆ.

“ಕೊನೇ ಸಾಲು ‘ಗಮನಿಸಿ’ ಅಂತಿದೆ. ಬುಕಿಂಗ್ ಸರ್ವರ್. ಕೋಡ್ ಸೊನ್ನೆ, ಆದ್ರೆ ಹೊಸ ಫೈಲ್ ಮೂರು ದಿನದ್ದು ಅಂತ ತೋರಿಸ್ತಿದೆ.”

ಮನೆಯಿಂದಲೇ ಸರ್ವರ್ ಒಳಗೆ ಹೋಗಿ ನೋಡಿದೆ. ಅದರ ಡಿಸ್ಕ್ ತುಂಬಿಹೋಗಿ, ರಾತ್ರಿ ಡೇಟಾಬೇಸ್ ಡಂಪ್ (ಪೂರ್ತಿ ಡೇಟಾಬೇಸಿನ ಪ್ರತಿ) ತೆಗೆಯುವ ಕೆಲಸ ಮೂರು ದಿನದಿಂದ ನಿಂತಿತ್ತು. ಆರ್‌ಸಿಂಕ್ ಅಲ್ಲಿದ್ದ ಹಳೆಯ ಡಂಪನ್ನು ದಿನಾ ಸರಿಯಾಗಿಯೇ ಹೋಲಿಸಿ, ಸೊನ್ನೆ ಕೊಟ್ಟು ಬರುತ್ತಿತ್ತು. ಹಳೆಯ ಲಾಗ್‌ಗಳನ್ನು ಅಳಿಸಿ ಜಾಗ ಮಾಡಿದೆ, ಡಂಪ್ ಓಡಿಸಿದೆ, ಆ ಒಂದು ಸರ್ವರ್‌ಗೆ ಬ್ಯಾಕಪ್ ಮತ್ತೆ ಕೊಟ್ಟೆ. 8 ಗಂಟೆಗೆ ಕೌಂಟರ್ ತೆರೆಯುವ ಮುಂಚೆ ಅವರೇ ಇನ್ನೊಮ್ಮೆ ಪಟ್ಟಿ ನೋಡಿ, “34 ಸರಿ” ಎಂದು ಮೆಸೇಜ್ ಹಾಕಿದರು.